ಮುಗಿಯದ ಯುದ್ಧ
ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತೆಂದು ಚರಿತ್ರೆ ಹೇಳುತ್ತದೆ. ಕಾದಿದವರ ಎದೆಯಲ್ಲಿ ಅದು ಎಂದು ಮುಗಿಯಿತು, ವಾಚಕರೆ?

ಜೇಮ್ಸ್ ಕೆನವೇಯ 1956ರ ಕಾದಂಬರಿಯನ್ನು ಆಧರಿಸಿ, ರೊನಾಲ್ಡ್ ನೀಮ್ 1960ರಲ್ಲಿ ನಿರ್ದೇಶಿಸಿದ ‘ಟ್ಯೂನ್ಸ್ ಆಫ್ ಗ್ಲೋರಿ’ ಚಿತ್ರವು ಕೇಳುವುದು ಇದನ್ನೇ. ಸ್ಕಾಟ್ಲೆಂಡಿನ ಕೋಟೆಯೊಂದರಲ್ಲಿ ಹೈಲ್ಯಾಂಡ್ ಪಡೆಯೊಂದು ಬೀಡುಬಿಟ್ಟಿದೆ. ಹಂಗಾಮಿ ದಳಪತಿ ಜಾಕ್ ಸಿಂಕ್ಲೇರ್ ಎಲ್ ಅಲಮೇನ್ ರಣದಲ್ಲಿ ಕಾದಿದವನು, ಕೆಳಗಿನಿಂದ ಮೇಲೇರಿದವನು. ಅವನ ಮೇಲೆ ಬಂದ ಬೇಸಿಲ್ ಬ್ಯಾರೊ ಕುಲೀನ, ನಿಯಮನಿಷ್ಠ. ಜಪಾನೀಯರ ಸೆರೆಯಲ್ಲಿ ಬೆಂದವನು.

ಸಿಂಕ್ಲೇರ್ ತನ್ನ ಕೈಕೆಳಗಿನ ಸೈನಿಕನೊಬ್ಬನನ್ನು ಹೊಡೆಯುತ್ತಾನೆ. ದಂಡಿಸಬೇಕಾದ ಬ್ಯಾರೊ ದಾಕ್ಷಿಣ್ಯಕ್ಕೆ ಮಣಿಯುತ್ತಾನೆ. ಉಳಿದವರು ಅದನ್ನು ದೌರ್ಬಲ್ಯವೆಂದೇ ಬಗೆಯುತ್ತಾರೆ. ಮನನೊಂದ ಬ್ಯಾರೊ ಪಿಸ್ತೂಲಿನಿಂದ ಪ್ರಾಣ ನೀಗುತ್ತಾನೆ. ಗೆದ್ದ ಸಿಂಕ್ಲೇರ್ ಅವನಿಗೆ ಭವ್ಯ ಅಂತ್ಯಯಾತ್ರೆಯನ್ನು ಯೋಜಿಸುತ್ತಲೇ ಕುಸಿದು ಅಳುತ್ತಾನೆ.

ಶತ್ರು ಕೊಲ್ಲದೆ ಬಿಟ್ಟವರನ್ನು ಸ್ವಪಕ್ಷದ ಮಾತ್ಸರ್ಯವೇ ಕೊಂದಿತು. ಕದನವಿರಾಮದ ಪತ್ರಕ್ಕೆ ರಾಜ್ಯಗಳು ಸಹಿ ಹಾಕಬಲ್ಲವು. ಮನಸ್ಸಿನ ಪರವಾಗಿ ಸಹಿ ಹಾಕುವವರು ಯಾರು?