ಚಮಚವಾದ ಬಾಂಬು, ಚಮಚವಾಗದ ಬಾಂಬು

ಲಾವೋಸ್‌ನ ಈಶಾನ್ಯಕ್ಕೆ ಷಿಯೆಂಗ್ ಖ್ವಾಂಗ್ ಎಂಬ ಪ್ರಾಂತವಿದೆ. ಅಲ್ಲಿನ ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಕೆಲವು ಮನೆಗಳ ಹಿತ್ತಿಲಲ್ಲಿ ಮಣ್ಣಿನ ಕುಲುಮೆಗಳಿವೆ. ಸೌದೆ ಒಟ್ಟಿ, ಬೆಂಕಿ ಕೆಂಪಾದ ಮೇಲೆ ಅಲ್ಯುಮಿನಿಯಂ ಚೂರುಗಳನ್ನು ಹಾಕಿ ಕರಗಿಸುತ್ತಾರೆ. ಮರದ ಚೌಕಟ್ಟಿನೊಳಗೆ ಬೂದಿ ಒತ್ತಿ ಮಾಡಿದ ಅಚ್ಚಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಸ್ವಲ್ಪ ಹೊತ್ತಿಗೆ ಅಚ್ಚು ಬಿಚ್ಚಿದರೆ ಒಂದು ಚಮಚ. ಅಂಚಿನ ಒರಟನ್ನು ಕತ್ತರಿಸಿ, ಉಜ್ಜಿ, ಕಟ್ಟು ಕಟ್ಟಿ ಸಂತೆಗೆ ಕಳಿಸುತ್ತಾರೆ. ಲಾವೋ ಜನ ಅಂಟಕ್ಕಿಯ ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ಆದರೆ ಅಕ್ಕಿ ಶ್ಯಾವಿಗೆಯ ಬಿಸಿ ಸಾರಿಗೆ ಚಮಚ ಬೇಕೇ ಬೇಕು. ಪ್ರಾಂತದ ರಾಜಧಾನಿ ಫೋನ್ಸಾವನ್‌ನ ಶ್ಯಾವಿಗೆ ಅಂಗಡಿಗಳಲ್ಲಿ ಗಿರಾಕಿಯ ಕೈಗೆ ಬರುವ ಹಗುರವಾದ, ಬೂದು ಬಣ್ಣದ ಚಮಚ ಇಂಥ ಹಿತ್ತಿಲಿನದೇ ಆಗಿರಬಹುದು.

ಆ ಅಲ್ಯುಮಿನಿಯಂ ಆಕಾಶದಿಂದ ಬಂದದ್ದು. ರಾತ್ರಿ ಬೆಳಕಿಗಾಗಿ ವಿಮಾನಗಳು ಉದುರಿಸಿದ ದೀಪದ ಕೊಳವೆಗಳು, ಬಾಂಬುಗಳ ಬಿಡಿಭಾಗಗಳು, ಬಿದ್ದ ವಿಮಾನಗಳ ಚೂರುಗಳು. 1970ರ ದಶಕದಲ್ಲಿ ಯುದ್ಧ ಮುಗಿದು ಜನ ಊರಿಗೆ ಮರಳಿದಾಗ ಹೊಲಗದ್ದೆಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದ ವಸ್ತು ಇದೊಂದೇ. ನಾಪಿಯಾದ ಚಮಚದ ಕಸುಬು ಹುಟ್ಟಿದ್ದು ಆ ಕಾಲದಲ್ಲಿ.

ಈಗ ಅಲ್ಲಿಗೆ ಪ್ರವಾಸಿಗರು ಹೋಗುತ್ತಾರೆ. ಚಮಚದ ಜೊತೆಗೆ ಬಳೆ, ಕೀಲಿಗೊಂಚಲು, ಸೀಸೆ ತೆರೆಯುವ ಸಾಧನಗಳನ್ನೂ ಕೊಳ್ಳುತ್ತಾರೆ. ‘ಬಾಂಬು ಚಮಚವಾಯಿತು’ ಎಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಚಮಚವಾದದ್ದು ಆಗಲೇ ಸಿಡಿದ, ಇಲ್ಲವೇ ಎಂದೂ ಸಿಡಿಯಲಾಗದ ಲೋಹ. ಅದರ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಇನ್ನೂ ಸಿಡಿಯಬಲ್ಲ ಲೋಹವೂ ಇದೆ. ಎರಡನ್ನೂ ನೆಲದಿಂದ ಎತ್ತುವ ಕೈ ಒಂದೇ.

*

ಇಷ್ಟು ಲೋಹ ಅಲ್ಲಿಗೆ ಬಂದದ್ದಕ್ಕೆ ಕಾರಣ, ಒಂದು ಚಿಕ್ಕ ದೇಶದ ಮೇಲೆ ಒಂಬತ್ತು ವರ್ಷ ನಡೆದ ದೊಡ್ಡ ದಾಳಿ. 1954ರ ಜಿನೀವಾ ಒಪ್ಪಂದದ ಪ್ರಕಾರ ಲಾವೋಸ್‌ನಲ್ಲಿ ಶಾಂತಿಯ ಮೇಲ್ವಿಚಾರಣೆಗೆಂದು ಒಂದು ಅಂತರರಾಷ್ಟ್ರೀಯ ಆಯೋಗ ಬಂತು. ಭಾರತ, ಕೆನಡಾ, ಪೋಲೆಂಡ್ ಅದರ ಸದಸ್ಯರು. ಅಧ್ಯಕ್ಷತೆ ಭಾರತದ್ದು. 1962ರಲ್ಲಿ ಜಿನೀವಾದಲ್ಲೇ ಆದ ಇನ್ನೊಂದು ಒಪ್ಪಂದ ಲಾವೋಸ್ ತಟಸ್ಥ ದೇಶ ಎಂದು ಸಾರಿತು. ಹೊರಗಿನ ಯಾವ ಸೇನೆಯೂ ಅಲ್ಲಿರಬಾರದಿತ್ತು. ಆದರೆ ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನೂ ಸರಂಜಾಮನ್ನೂ ದಕ್ಷಿಣಕ್ಕೆ ಸಾಗಿಸಿದ್ದು ಲಾವೋಸ್‌ನ ಕಾಡುಗಳ ಮೂಲಕ. ಅದೇ ಹೋ ಚಿ ಮಿನ್ ದಾರಿ. ಈಶಾನ್ಯದಲ್ಲಿ ಕಮ್ಯುನಿಸ್ಟ್ ಪಥೇತ್ ಲಾವೋ ಪಡೆ ಬೇರು ಬಿಟ್ಟಿತ್ತು. ಅಮೆರಿಕ ಬಹಿರಂಗವಾಗಿ ಸೇನೆ ಇಳಿಸಲಿಲ್ಲ. ಒಂದು ಕಡೆ ಹ್ಮಾಂಗ್ ಬುಡಕಟ್ಟಿನವರನ್ನು ಸೇರಿಸಿ ಗುಪ್ತಪಡೆ ಕಟ್ಟಿತು, ಇನ್ನೊಂದು ಕಡೆ ಆಕಾಶದಿಂದ ಯುದ್ಧ ಮಾಡಿತು. ಆಯೋಗ ಇದ್ದೂ ಏನೂ ಮಾಡಲಾಗಲಿಲ್ಲ.

1964ರಿಂದ 1973ರವರೆಗೆ ಲಾವೋಸ್ ಮೇಲೆ ಸುಮಾರು 5,80,000 ಬಾರಿ ಬಾಂಬ್ ದಾಳಿ ನಡೆಯಿತು. ಬಿದ್ದ ಬಾಂಬುಗಳ ತೂಕ 20 ಲಕ್ಷ ಟನ್ನಿಗೂ ಹೆಚ್ಚು. ಲೆಕ್ಕ ಹಾಕಿದರೆ, ಹಗಲೂ ರಾತ್ರಿ ಬಿಡದೆ, ಒಂಬತ್ತು ವರ್ಷಗಳ ಕಾಲ ಪ್ರತಿ ಎಂಟು ನಿಮಿಷಕ್ಕೆ ಒಂದು ವಿಮಾನದ ಹೊರೆ. ಜನಸಂಖ್ಯೆಗೆ ಹೋಲಿಸಿದರೆ ಇತಿಹಾಸದಲ್ಲೇ ಅತಿ ಹೆಚ್ಚು ಬಾಂಬು ಬಿದ್ದ ದೇಶ ಇದು. 1968ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಂ ಮೇಲಿನ ದಾಳಿ ನಿಂತಾಗ ಅಲ್ಲಿ ಬಿಡುವಾದ ವಿಮಾನಗಳು ಲಾವೋಸ್ ಕಡೆ ತಿರುಗಿದವು. ಅದೇ ತಿಂಗಳ 24ರಂದು ಥಾಮ್ ಪಿಯು ಎಂಬ ಗುಹೆಯಲ್ಲಿ ಅಡಗಿದ್ದ ಜನರ ಮೇಲೆ ರಾಕೆಟ್ ಬಿತ್ತು. ಸತ್ತವರು 374 ಎಂಬುದು ಅಲ್ಲಿನ ಸ್ಮಾರಕದ ಲೆಕ್ಕ.

ಷಿಯೆಂಗ್ ಖ್ವಾಂಗ್‌ನ ಹಳೆಯ ರಾಜಧಾನಿ ಮುವಾಂಗ್ ಖೂನ್ ನೆಲಸಮವಾಯಿತು. ಅಲ್ಲಿನ ಒಂದು ವಿಹಾರದಲ್ಲಿ ಚಾವಣಿ ಹೋಗಿ, ಇಟ್ಟಿಗೆಯ ಕಂಬಗಳ ನಡುವೆ ಬುದ್ಧನ ದೊಡ್ಡ ಮೂರ್ತಿಯೊಂದು ಬಯಲಲ್ಲೇ ಕೂತಿದೆ. ಹೊಸ ರಾಜಧಾನಿ ಫೋನ್ಸಾವನ್ ಯುದ್ಧದ ನಂತರ ಕಟ್ಟಿದ್ದು.

ಈ ಯುದ್ಧ ಹೊರಜಗತ್ತಿಗೆ ತಿಳಿದದ್ದು ತಡವಾಗಿ. ಸ್ವಯಂಸೇವಕನಾಗಿ ಲಾವೋಸ್‌ಗೆ ಹೋಗಿದ್ದ ಫ್ರೆಡ್ ಬ್ರಾನ್‌ಫ್ಮನ್ ಎಂಬ ಅಮೆರಿಕನ್ ಯುವಕ 1969ರಲ್ಲಿ ರಾಜಧಾನಿ ವಿಯೆಂಟಿಯಾನ್ ಬಳಿಯ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಮಾತಾಡಿಸತೊಡಗಿದ. ರೈತರು ತಮಗಾದದ್ದನ್ನು ತಮ್ಮದೇ ಕೈಬರಹದಲ್ಲಿ ಬರೆದುಕೊಟ್ಟರು. ಪೆನ್ಸಿಲ್ಲು, ಬಣ್ಣದ ಪೆನ್ನು ಹಿಡಿದು ಚಿತ್ರ ಬಿಡಿಸಿಕೊಟ್ಟರು. ಮೇಲೆ ವಿಮಾನ, ಕೆಳಗೆ ಮನೆ, ಎಮ್ಮೆ, ಓಡುವ ಮನುಷ್ಯ. ಆ ಬರಹಗಳೂ ಚಿತ್ರಗಳೂ 1972ರಲ್ಲಿ ಪುಸ್ತಕವಾಗಿ ಬಂದವು. ಬಾಂಬಿನ ಅಡಿಯಲ್ಲಿದ್ದವರೇ ಬಾಂಬಿನ ಇತಿಹಾಸ ಬರೆದ ಅಪರೂಪದ ದಾಖಲೆ ಅದು.

*

ಯುದ್ಧ ನಿಂತ ಮೇಲೂ ಸಾವು ನಿಲ್ಲದಿರಲು ಮುಖ್ಯ ಕಾರಣ ಕ್ಲಸ್ಟರ್ ಬಾಂಬು. ಆಳುದ್ದಕ್ಕಿಂತ ಹೆಚ್ಚಿನ ಲೋಹದ ಪೆಟ್ಟಿಗೆ. ಅದು ಗಾಳಿಯಲ್ಲಿ ಅವರೆಕಾಯಿ ಸುಲಿದ ಹಾಗೆ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಕಾಳುಗಳು ಹರಡಿ ಬೀಳುತ್ತವೆ. ಹೆಚ್ಚು ಬಳಕೆಯಲ್ಲಿದ್ದ ಒಂದು ಮಾದರಿಯ ಪೆಟ್ಟಿಗೆಯಲ್ಲಿ ಇಂಥ ಕಾಳುಗಳು 600ಕ್ಕೂ ಹೆಚ್ಚು. ಒಂದೊಂದು ಕಾಳೂ ಟೆನಿಸ್ ಚೆಂಡಿನಷ್ಟು. ಒಂದೊಂದರ ಗೋಡೆಯಲ್ಲೂ ನೂರಾರು ಉಕ್ಕಿನ ಗುಂಡುಗಳು. ಬೀಳುವಾಗ ಗಾಳಿಗೆ ಗಿರಗಿರ ತಿರುಗಿದರೆ ಒಳಗಿನ ಕೀಲು ಸಡಿಲಿ ಅದು ಸಿಡಿಯಲು ಸಿದ್ಧವಾಗುತ್ತದೆ. ಸಾಕಷ್ಟು ತಿರುಗದಿದ್ದರೆ, ಕೊಂಬೆಗೆ ಸಿಕ್ಕಿಕೊಂಡರೆ, ಕೆಸರು ಗದ್ದೆಯ ಮೆತ್ತನೆ ಮಣ್ಣಿಗೆ ಬಿದ್ದರೆ ಸಿಡಿಯದೆ ಉಳಿಯಬಹುದು. ಲಾವೋಸ್ ಮೇಲೆ ಬಿದ್ದ ಈ ಚಿಕ್ಕ ಬಾಂಬುಗಳು ಸುಮಾರು 27 ಕೋಟಿ. ಸಿಡಿಯದೆ ಉಳಿದವು 8 ಕೋಟಿಯಷ್ಟು ಎಂದು ಅಂದಾಜು.

ಲಾವೋ ಜನ ಇದನ್ನು ಕರೆಯುವುದು ‘ಬೊಂಬಿ’ ಎಂದು. ಇಂಗ್ಲಿಷಿನಿಂದ ಬಂದು ಅಲ್ಲಿನ ನಾಲಗೆಗೆ ಒಗ್ಗಿದ ಪದ. ಕನ್ನಡದ ಕಿವಿಗೆ ಅದು ‘ಬೊಂಬೆ’ ಎಂದೇ ಕೇಳುತ್ತದೆ. ಎರಡು ಪದಗಳಿಗೂ ಸಂಬಂಧವಿಲ್ಲ, ಆದರೆ ಮಕ್ಕಳ ಮಟ್ಟಿಗೆ ಈ ಕಾಕತಾಳೀಯ ಕ್ರೂರವಾಗಿ ನಿಜ. ಗುಂಡಗೆ, ಕೈಗೆ ಹಿಡಿಸುವಷ್ಟಿರುವ ವಸ್ತು ಮಣ್ಣಿನಲ್ಲಿ ಕಂಡರೆ ಮಗು ಎತ್ತಿಕೊಳ್ಳುತ್ತದೆ, ಎಸೆಯುತ್ತದೆ. ಯುದ್ಧ ಮುಗಿದ ಮೇಲೆ ಲಾವೋಸ್‌ನಲ್ಲಿ ಸಿಡಿಯದೆ ಉಳಿದ ಬಾಂಬುಗಳಿಂದ ಸತ್ತವರು ಮತ್ತು ಗಾಯಗೊಂಡವರು ಸೇರಿ 20,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಉಳಿದವರಲ್ಲಿ ಗದ್ದೆ ಅಗೆಯುತ್ತಿದ್ದವರಿದ್ದಾರೆ, ಬಿದಿರು ಕಳಲೆ ಹುಡುಕುತ್ತಿದ್ದವರಿದ್ದಾರೆ. ಚಳಿಗೆಂದೋ ಅಡುಗೆಗೆಂದೋ ಬೆಂಕಿ ಹಾಕಿ, ಅದರಡಿಯ ಮಣ್ಣಿನಲ್ಲಿ ಬೊಂಬಿ ಇದ್ದದ್ದು ತಿಳಿಯದೆ ಹೋದವರಿದ್ದಾರೆ.

*

ಹೀಗಿರುವ ನೆಲದಲ್ಲೇ ಬದುಕು ಕಟ್ಟಬೇಕಿತ್ತು. ಕಟ್ಟುವುದಕ್ಕೆ ಹತ್ತಿರದಲ್ಲಿ ಸಿಕ್ಕ ಸಾಮಾನನ್ನೇ ಜನ ಬಳಸಿದರು. ಕ್ಲಸ್ಟರ್ ಬಾಂಬಿನ ಖಾಲಿ ಹೋಳುಗಳು ಬೇಲಿಯ ಗೂಟಗಳಾದವು. ಮನೆಗೆ, ಭತ್ತದ ಕಣಜಕ್ಕೆ ಕಂಬಗಳಾದವು. ಮರದ ಕಂಬಕ್ಕೆ ಗೆದ್ದಲು ಹತ್ತುತ್ತದೆ, ಇದಕ್ಕೆ ಹತ್ತುವುದಿಲ್ಲ. ಅದೇ ಹೋಳನ್ನು ಅಂಗಾತ ಮಲಗಿಸಿದರೆ ಹಂದಿ, ದನಗಳಿಗೆ ನೀರಿನ ತೊಟ್ಟಿ. ಎತ್ತರದಲ್ಲಿಟ್ಟು ಮಣ್ಣು ತುಂಬಿದರೆ ಈರುಳ್ಳಿ ಸೊಪ್ಪಿನ ಪಾತಿ, ಕೋಳಿ ಕೆದಕದಷ್ಟು ಮೇಲೆ. ದೊಡ್ಡ ಬಾಂಬಿನ ಖಾಲಿ ಕವಚವನ್ನು ತೂಗುಹಾಕಿ ಬಡಿದರೆ ಗಂಟೆ. ಮಧ್ಯ ಲಾವೋಸ್‌ನ ಖಮ್ಮುವಾನ್ ಪ್ರಾಂತದಲ್ಲಿ, ವಿಮಾನಗಳು ಖಾಲಿಯಾದ ಮೇಲೆ ಕಳಚಿ ಬಿಸಾಡಿದ ಇಂಧನದ ಟ್ಯಾಂಕುಗಳನ್ನು ಸೀಳಿ ದೋಣಿ ಮಾಡಿಕೊಂಡರು. ಒಳಗಿನ ಮದ್ದು ತೆಗೆದ ಬೊಂಬಿಯ ಅರ್ಧ ಹೋಳಿಗೆ ಎಣ್ಣೆ ಬತ್ತಿ ಹಾಕಿ ದೀಪ ಮಾಡಿದವರೂ ಇದ್ದರು.

ಇವುಗಳಲ್ಲಿ ಬಹುಪಾಲು ಖಾಲಿ ಲೋಹವೇ. ಗೂಟವಾದ ಹೋಳು, ದೋಣಿಯಾದ ಟ್ಯಾಂಕು ಯಾರ ಪ್ರಾಣವನ್ನೂ ಕೇಳುವುದಿಲ್ಲ. ಕೊನೆಯ ದೀಪ ಹಾಗಲ್ಲ. ಅದನ್ನು ಮಾಡಲು ಯಾರೋ ಒಬ್ಬರು ಜೀವಂತ ಬಾಂಬನ್ನು ಕೈಯಲ್ಲಿ ಹಿಡಿದು ಬಿಚ್ಚಿರಬೇಕು.

ಮನೆಯ ಉಪಯೋಗಕ್ಕೆ ಎಷ್ಟು ಗೂಟ ಬೇಕೋ ಅಷ್ಟು ಸಿಕ್ಕ ಮೇಲೆ ಹುಡುಕಾಟ ನಿಲ್ಲುತ್ತದೆ. ಮಾರಾಟಕ್ಕೆಂದರೆ ಅದು ನಿಲ್ಲುವುದಿಲ್ಲ. 2000ದ ದಶಕದಲ್ಲಿ ಏಷ್ಯಾದ ಕಟ್ಟಡ, ಕಾರ್ಖಾನೆಗಳ ಭರಾಟೆಗೆ ಗುಜರಿ ಲೋಹದ ಬೆಲೆ ಏರಿದಾಗ ಲಾವೋಸ್‌ನ ಹಳ್ಳಿಗಳಲ್ಲಿ ಆದದ್ದು ಇದೇ. ವಿಯೆಟ್ನಾಂನಿಂದ ಅಗ್ಗದ ಲೋಹಶೋಧಕಗಳು ಬಂದವು. ಗುಜರಿ ವ್ಯಾಪಾರಿಗಳು ಹಳ್ಳಿಗಳಿಗೆ ಬಂದು ತೂಕ ಹಾಕಿ ಸ್ಥಳದಲ್ಲೇ ದುಡ್ಡು ಕೊಟ್ಟರು. ಭತ್ತ ಮುಗಿದು ಹೊಸ ಬೆಳೆ ಬರುವ ಮುಂಚಿನ ತಿಂಗಳುಗಳಲ್ಲಿ ಹೆಂಗಸರು, ಮಕ್ಕಳು ಕೂಡ ಶೋಧಕ ಹಿಡಿದು ಹೊರಟರು. ಯಂತ್ರ ಕೂಗಿದ ಕಡೆ ಅಗೆಯಬೇಕು. ಅದು ಲೋಹವಿದೆ ಎಂದಷ್ಟೇ ಹೇಳುತ್ತದೆ. ಕೆಳಗಿರುವುದು ಖಾಲಿ ಚೂರೋ, ಮದ್ದು ತುಂಬಿದ ಬೊಂಬಿಯೋ ಎಂಬುದನ್ನು ಗುದ್ದಲಿ ತಾಗಿದ ಮೇಲೆ ತಿಳಿಯಬೇಕು.

ಸರ್ಕಾರ ಇದನ್ನು ನಿಷೇಧಿಸಿತು. ಅಪಾಯ ಗೊತ್ತಿಲ್ಲದೆ ಜನ ಹೀಗೆ ಮಾಡುತ್ತಾರೆ ಎಂದು ಹೊರಗಿನವರು ಅಂದುಕೊಳ್ಳುವುದುಂಟು. ಆದರೆ ಆ ಹಳ್ಳಿಗಳಲ್ಲಿ ಅಪಾಯ ಗೊತ್ತಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ಗದ್ದೆ ಉತ್ತರೂ ಅದೇ ಅಪಾಯ, ಗುಜರಿ ಹುಡುಕಿದರೂ ಅದೇ ಅಪಾಯ. ಎರಡನೆಯದರಲ್ಲಿ ಸಂಜೆಗೆ ದುಡ್ಡು ಕೈಗೆ ಬರುತ್ತದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಥ ಲೆಕ್ಕ ಹಾಕಬೇಕಾದ ಸ್ಥಿತಿಯೇ ತಪ್ಪು.

*

ಹಾಗಾಗಿ ಉತ್ತರ ಚಮಚದಲ್ಲಿಲ್ಲ, ನೆಲದಲ್ಲಿದೆ. 1994ರಲ್ಲಿ ಬ್ರಿಟನ್ನಿನ ಮೈನ್ಸ್ ಅಡ್ವೈಸರಿ ಗ್ರೂಪ್ ಷಿಯೆಂಗ್ ಖ್ವಾಂಗ್‌ನಲ್ಲಿ ಕೆಲಸ ಶುರುಮಾಡಿತು. 1996ರಲ್ಲಿ ಲಾವೋಸ್ ತನ್ನದೇ ‘ಯುಎಕ್ಸ್ಒ ಲಾವೋ’ ಸಂಸ್ಥೆ ಕಟ್ಟಿತು. ತಂಡಗಳು ಗದ್ದೆಯನ್ನು ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ವಿಂಗಡಿಸಿ, ಒಂದೊಂದು ಪಟ್ಟಿಯನ್ನೂ ಶೋಧಕದಿಂದ ಜಾಲಾಡುತ್ತವೆ. ಯಂತ್ರ ಕೂಗಿದ ಕಡೆ ಕೈಯಲ್ಲಿ ಮಣ್ಣು ಸರಿಸಿ ನೋಡುತ್ತವೆ. ಬಾಂಬು ಸಿಕ್ಕರೆ ಸುತ್ತಲಿನವರನ್ನು ದೂರ ಕಳಿಸಿ ಅಲ್ಲಿಯೇ ಸಿಡಿಸುತ್ತವೆ. ಪ್ರತಿ ಕೂಗಿಗೂ ಇದೇ ಶಿಸ್ತು, ಸಿಗುವುದು ಹಳೆಯ ಮೊಳೆಯಾದರೂ ಸರಿ. ಕೇವಲ ಹೆಂಗಸರೇ ಇರುವ ತಂಡಗಳೂ ಇವೆ. ಶಾಲೆಗಳಲ್ಲಿ ಹಾಡು, ನಾಟಕ, ಬೊಂಬೆಯಾಟದ ಮೂಲಕ ಮಕ್ಕಳಿಗೆ ಕಲಿಸುತ್ತಾರೆ: ಕಂಡರೆ ಮುಟ್ಟಬೇಡ, ದೊಡ್ಡವರಿಗೆ ಹೇಳು. ಬೊಂಬಿಯಿಂದ ಕಾಪಾಡಲು ಬೊಂಬೆ.

ಫಲ ಕಂಡಿದೆ. 2008ರ ಸುಮಾರಿಗೆ ವರ್ಷಕ್ಕೆ 300ರಷ್ಟು ಜನ ಬಲಿಯಾಗುತ್ತಿದ್ದರು, ಇಲ್ಲವೇ ಗಾಯಗೊಳ್ಳುತ್ತಿದ್ದರು. ನಂತರದ ದಶಕದಲ್ಲಿ ಆ ಸಂಖ್ಯೆ ಕೆಲವೇ ಹತ್ತುಗಳಿಗೆ ಇಳಿಯಿತು. ಕೈಕಾಲು ಕಳೆದುಕೊಂಡವರಿಗೆ ವಿಯೆಂಟಿಯಾನ್‌ನ ಕೋಪ್ ಎಂಬ ಸಂಸ್ಥೆ ಕೃತಕ ಅವಯವ ಒದಗಿಸುತ್ತದೆ. 2016ರಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಲಾವೋಸ್‌ಗೆ ಬಂದು, ನೆಲ ಶುದ್ಧಿಗೆ ಮೂರು ವರ್ಷಗಳಲ್ಲಿ 9 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಅಧಿಕಾರದಲ್ಲಿದ್ದಾಗ ಆ ದೇಶಕ್ಕೆ ಕಾಲಿಟ್ಟ ಮೊದಲ ಅಮೆರಿಕನ್ ಅಧ್ಯಕ್ಷ ಅವರು. ಅದೇ ವರ್ಷ ಲಾವೋಸ್, ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ತನ್ನದೇ ಆದ 18ನೆಯದನ್ನು ಸೇರಿಸಿಕೊಂಡಿತು: ಸಿಡಿಯದ ಬಾಂಬುಗಳಿಂದ ಸುರಕ್ಷಿತವಾದ ಬದುಕು. ಶಾಲೆ, ರಸ್ತೆ, ಕಾಲುವೆ ಯಾವುದಕ್ಕೂ ಮೊದಲು ನೆಲ ಜಾಲಾಡಬೇಕಾದ ದೇಶಕ್ಕೆ ಆ ಗುರಿ ಉಳಿದೆಲ್ಲದರ ಅಡಿಪಾಯ.

ಕ್ಲಸ್ಟರ್ ಬಾಂಬು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2008ರ ಡಿಸೆಂಬರಿನಲ್ಲಿ ಓಸ್ಲೋದಲ್ಲಿ ಸಹಿ ಬಿತ್ತು. 2010ರ ಆಗಸ್ಟಿನಲ್ಲಿ ಅದು ಜಾರಿಗೆ ಬಂದ ಮೇಲೆ ಸದಸ್ಯ ದೇಶಗಳ ಮೊದಲ ಸಭೆ ನಡೆದದ್ದು ವಿಯೆಂಟಿಯಾನ್‌ನಲ್ಲಿ. ಅಮೆರಿಕ, ರಷ್ಯಾ, ಚೀನಾ ಅದಕ್ಕೆ ಸೇರಿಲ್ಲ. ಒಂದು ಕಾಲಕ್ಕೆ ಲಾವೋಸ್‌ನ ಶಾಂತಿ ಆಯೋಗದ ಅಧ್ಯಕ್ಷ ಸ್ಥಾನದಲ್ಲಿದ್ದ ಭಾರತವೂ ಸೇರಿಲ್ಲ. 2023ರ ಜುಲೈನಲ್ಲಿ ಅಮೆರಿಕ ಉಕ್ರೇನಿಗೆ ಕ್ಲಸ್ಟರ್ ಬಾಂಬು ಕೊಡುವ ನಿರ್ಧಾರ ಮಾಡಿದಾಗ ಲಾವೋಸ್ ಕಳವಳ ತೋಡಿಕೊಂಡಿತು. ಆ ಬಾಂಬುಗಳಿಂದ ಜಗತ್ತಿನಲ್ಲೇ ಅತಿ ಹೆಚ್ಚು ನೊಂದ ದೇಶದ ಮಾತು ಅದು. 2025ರಲ್ಲಿ ಲಿಥುವೇನಿಯಾ ಒಪ್ಪಂದದಿಂದಲೇ ಹೊರಬಂತು. ಆ ಒಪ್ಪಂದವನ್ನು ತೊರೆದ ಮೊದಲ ದೇಶ ಅದು.

ಷಿಯೆಂಗ್ ಖ್ವಾಂಗ್‌ನಲ್ಲಿ ಎರಡು ಸಾವಿರ ವರ್ಷ ಹಳೆಯ ದೈತ್ಯ ಕಲ್ಲಿನ ಗುಡಾಣಗಳ ಬಯಲಿದೆ. 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಲು ಬರುವವರು ಅಲ್ಲಿ ನೆಲದಲ್ಲಿ ಹುಗಿದ ಚಿಕ್ಕ ಗುರುತುಗಳ ನಡುವೆ ನಡೆಯುತ್ತಾರೆ. ಗುರುತಿನ ಬಿಳಿ ಬದಿಯ ನೆಲ ಆಳದವರೆಗೂ ಜಾಲಾಡಿದ್ದು, ಕೆಂಪು ಬದಿಯದು ಅಲ್ಲ. ಪ್ರವಾಸಿಗರು ಬಿಳಿಯ ಕಡೆಯೇ ನಡೆದು, ಸಂಜೆ ಫೋನ್ಸಾವನ್‌ಗೆ ಮರಳಿ, ಬಾಂಬಿನ ಚಮಚದಲ್ಲಿ ಸಾರು ಕುಡಿದು ಹೋಗುತ್ತಾರೆ. ಪ್ರಾಂತದ ಎಷ್ಟೋ ಗದ್ದೆಗಳಲ್ಲಿ ಇನ್ನೂ ಆ ಗುರುತುಗಳೂ ಇಲ್ಲ. ಅಲ್ಲಿ ಮಳೆ ಬಿದ್ದ ಮೇಲೆ ಗುದ್ದಲಿ ಹಿಡಿದವರು ಮಣ್ಣನ್ನು ಮೊದಲು ಮೆಲ್ಲಗೆ ತಟ್ಟಿ ನೋಡುತ್ತಾರೆ, ಆಮೇಲೆ ಅಗೆಯುತ್ತಾರೆ.