ತಗಡೂರು ನಾಡಿನ ಚರಿತ್ರೆ: ಕಂದಾಯದ ಕಡತದಿಂದ ವೀರಗಲ್ಲಿನವರೆಗೆ

ಧರ್ಮಪುರಿಯಿಂದ ಸೇಲಂ ದಾರಿ ಹಿಡಿದರೆ ಕೆಲವೇ ಮೈಲಿಗಳಲ್ಲಿ ಅದಿಯಮಾನ್‌ಕೋಟೆ ಸಿಗುತ್ತದೆ. ಸಂಘಕಾಲದ ಅರಸ ಅದಿಯಮಾನ್ ನೆಡುಮಾನ್ ಅಂಜಿಯ ಮನೆತನದ ಹೆಸರು ಹೊತ್ತ ಊರಿದು. ಅವ್ವೈಯಾರ್ ಹಾಡಿ ಹೊಗಳಿದ ಆ ಅರಸನ ರಾಜಧಾನಿ ತಗಡೂರೇ ಇಂದಿನ ಧರ್ಮಪುರಿ. ಈ ಸೀಮೆಯ ಊರುಗಳ ಬಗ್ಗೆ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಬರವಣಿಗೆ ನಡೆದಿದೆ. ಆದರೆ ಅದರ ಬಹುಭಾಗ ಸಾಗಿದ್ದು ಆಯಾ ಕಾಲದ ಆಡಳಿತ ಎಳೆದ ಗಡಿಯೊಳಗೇ.

ಮೊದಲ ಬರವಣಿಗೆ ಕಂದಾಯಕ್ಕಾಗಿ ಹುಟ್ಟಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಈ ಭಾಗವನ್ನೊಳಗೊಂಡ ಬಾರಾಮಹಲ್ ಮತ್ತು ಸೇಲಂ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲೆಗ್ಸಾಂಡರ್ ರೀಡ್ ಆಡಳಿತ ವಹಿಸಿಕೊಂಡ. ಅವನ ಸಹಾಯಕ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ನೆಲೆಸಿದ. ಮುಂದೆ ಮದರಾಸು ಪ್ರಾಂತದ ಬಹುಭಾಗವನ್ನು ವ್ಯಾಪಿಸಿದ ರೈತವಾರಿ ಪದ್ಧತಿಯ ಮೊದಲ ಪ್ರಯೋಗ ನಡೆದದ್ದು ಈ ಹೊಲಗಳ ಮೇಲೆ. ಬೆಳೆ, ತೆರಿಗೆ, ಜಾತಿ, ಕಸುಬುಗಳ ಬಗ್ಗೆ ಆಗ ದಾಖಲಾದ ಕಡತಗಳು ‘ಬಾರಾಮಹಲ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ 1907ರಿಂದ ಅಚ್ಚಾದವು.

ಎರಡನೆಯ ಘಟ್ಟ ಜಿಲ್ಲಾ ಕೈಪಿಡಿಗಳದು. ಲೆ ಫಾನು 1883ರಲ್ಲಿ ಸೇಲಂ ಮ್ಯಾನುಯಲ್ ಹೊರತಂದರು, ಎಫ್. ಜೆ. ರಿಚರ್ಡ್ಸ್ 1918ರಲ್ಲಿ ಗೆಜೆಟಿಯರ್ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ 1899ರಲ್ಲಿ ಶುರುವಾದ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಯೋಜನೆ ಪ್ಯಾರಿಷ್ ಪ್ಯಾರಿಷ್ ಆಗಿ ಚರಿತ್ರೆ ಬರೆಸಿದರೆ, ಇಲ್ಲಿ ಒಬ್ಬ ಅಧಿಕಾರಿ ತಾಲ್ಲೂಕು ತಾಲ್ಲೂಕಾಗಿ ಬರೆದ. ಹಾಗಿದ್ದರೂ ಗಂಗ, ನೊಳಂಬ, ಹೊಯ್ಸಳ, ತಾರಮಂಗಲದ ಗಟ್ಟಿ ಮುದಲಿಗಳು, ಮೈಸೂರು ಒಡೆಯರು ಎಲ್ಲರನ್ನೂ ಒಂದೇ ಕಥನದೊಳಗೆ ತಂದದ್ದು ರಿಚರ್ಡ್ಸ್ ಅವರ ದೊಡ್ಡ ಕೆಲಸ.

ಇದೇ ಕಾಲಕ್ಕೆ ಶಾಸನಗಳೂ ಬೆಳಕಿಗೆ ಬಂದವು. ಧರ್ಮಪುರಿಯ ಎರಡು ನೊಳಂಬ ಶಾಸನಗಳನ್ನು ಎಚ್. ಕೃಷ್ಣಶಾಸ್ತ್ರಿಗಳು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಎರಡೂ ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳು. ಕ್ರಿ.ಶ. 893ರ ಶಾಸನದಲ್ಲಿ ನೊಳಂಬ ಅರಸ ಮಹೇಂದ್ರನ ಆಳ್ವಿಕೆಯಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಅಣ್ಣತಮ್ಮಂದಿರು ತಗಡೂರಿನಲ್ಲಿ ಬಸದಿ ಕಟ್ಟಿಸಿದ ಸುದ್ದಿಯಿದೆ. ಆದರೆ ಕನ್ನಡಿಗರು ಶಾಸನಕ್ಕಾಗಿ ಮೊದಲು ತೆರೆಯುವ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ವ್ಯಾಪ್ತಿ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಮುಗಿಯಿತು. ತಗಡೂರು ಆ ಗೆರೆಯಾಚೆ ಉಳಿಯಿತು.

1965ರಲ್ಲಿ ಧರ್ಮಪುರಿ ಸೇಲಂನಿಂದ ಬೇರೆಯಾಗಿ ಜಿಲ್ಲೆಯಾಯಿತು. ಮುಂದಿನ ದಶಕದಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಆರ್. ನಾಗಸ್ವಾಮಿ ಅವರ ನೇತೃತ್ವದಲ್ಲಿ ಊರೂರು ಸುತ್ತಿ, 1972ರಲ್ಲಿ ಚೆಂಗಂ ವೀರಗಲ್ಲುಗಳ ಸಂಪುಟವನ್ನೂ ಅನಂತರ ಧರ್ಮಪುರಿ ಶಾಸನಗಳ ಸಂಪುಟವನ್ನೂ ತಂದಿತು. ತುರು ಕಾಯುವಾಗ ಬಿದ್ದ ಸಾಮಾನ್ಯ ಆಳಿನ ಹೆಸರು ಚರಿತ್ರೆಯ ಪುಟ ಸೇರಿತು. ಅರಸರ ಪಟ್ಟಿಯಿಂದ ಹಟ್ಟಿಯ ಜನದ ಕಡೆಗೆ ನೋಟ ಹೊರಳಿಸಿದ ಶ್ರೇಯ ಈ ಕಲ್ಲುಗಳದು.

ಗಡಿಯ ಮಿತಿಯನ್ನು ಎತ್ತಿ ತೋರಿದ್ದು 1981ರ ಜಂಬೈ ಶಾಸನ. ಅಶೋಕನ ಶಾಸನಗಳು ಹೆಸರಿಸುವ ‘ಸತಿಯಪುತ’ರನ್ನು ಕೆಲ ವಿದ್ವಾಂಸರು ತುಳುನಾಡು, ಕಾಸರಗೋಡಿನ ಕಡೆಗೂ ಒಯ್ದಿದ್ದರು. ತಿರುಕ್ಕೋವಿಲೂರಿನ ಬಳಿಯ ಜಂಬೈ ಗುಹೆಯ ತಮಿಳು ಬ್ರಾಹ್ಮಿ ಬರಹದಲ್ಲಿ ಆ ಬಿರುದು ನೆಡುಮಾನ್ ಅಂಜಿಯ ಹೆಸರಿನ ಪಕ್ಕದಲ್ಲೇ ಇತ್ತು. ಧರ್ಮಪುರಿಯ ಮೊದಲ ಅರಸನಿಗೆ ಸಾಕ್ಷಿ ಸಿಕ್ಕಿದ್ದು ಧರ್ಮಪುರಿಯ ಹೊರಗೆ. 2004ರಲ್ಲಿ ಪ್ರತ್ಯೇಕವಾದ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಳೆಯದೆಂದು 2022ರಲ್ಲಿ ಪ್ರಕಟವಾಯಿತು; ಅದೂ ಹಳೆಯ ಬಾರಾಮಹಲಿನದೇ ಕಥೆ.

ಈ ಸೀಮೆಗೆ ಈಗ ಬೇಕಾದದ್ದು ಮತ್ತೊಂದು ಜಿಲ್ಲಾ ಚರಿತ್ರೆಯಲ್ಲ. ಹೊಸೂರು, ಓಮಲೂರು, ಧರ್ಮಪುರಿಗಳನ್ನು ಮೈಸೂರಿಗೂ ಕೊಂಗುನಾಡಿಗೂ ಕೂಡಿಸಿದ ದಾರಿಗಳ ಚರಿತ್ರೆ ಬೇಕು. 1934ರಲ್ಲಿ ಮೆಟ್ಟೂರು ಅಣೆಕಟ್ಟಿನ ನೀರಿಗೆ ಸಿಕ್ಕ ಊರುಗಳೂ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಸೇಲಂನ ದೇವಾಂಗ ನೇಕಾರರೂ ಅದರಲ್ಲಿ ಬರಬೇಕು. ನೊಳಂಬರ ಕನ್ನಡವನ್ನೂ ವೀರಗಲ್ಲಿನ ತಮಿಳನ್ನೂ ಒಟ್ಟಿಗೆ ಓದಬಲ್ಲವರು ಕೂತರೆ ಮಾತ್ರ ಆ ಕೆಲಸ ಆದೀತು.