ಉಪ್ಪೆಲ್ಲ ಒಂದೇ ಅಲ್ಲ: ಸವಳು ಕಲಿಸಿದ ಪಾಠ

ಬೇಸಿಗೆಯಲ್ಲಿ ಕಾಲುವೆ ಕೆಳಗಿನ ಹೊಲಗಳಲ್ಲಿ ಬಿಳಿ ಪುಡಿ ಏಳುವುದನ್ನು ನೀವು ನೋಡಿರುತ್ತೀರಿ. ನಾವು ಸವಳು ಅನ್ನುತ್ತೇವೆ. ಉತ್ತರ ಭಾರತದಲ್ಲಿ ಅದರ ಹೆಸರು ರೇಹ್.

1855ರಲ್ಲೇ ಕರ್ನಾಲ್ ಸೀಮೆಯ ಮುನಕ್ ಊರಿನವರು, ಯಮುನಾ ಕಾಲುವೆ ಬಂದಮೇಲೆ ರೇಹ್ ಹೊಲ ತಿನ್ನುತ್ತಿದೆ ಎಂದು ದೂರಿದ್ದರು. 1870ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಇದರ ತನಿಖೆಗೆ ಸಮಿತಿಯನ್ನೇ ನೇಮಿಸಿತು. ಕಾಲುವೆಯಿಂದ ಅಂತರ್ಜಲ ಮೇಲೇರುತ್ತದೆ, ಜೊತೆಗೆ ಉಪ್ಪೂ ಬರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ.

ಆದರೆ ಯಾವ ಉಪ್ಪು? ಮನೆಯಲ್ಲೇ ನೋಡಿ. ಅರಿಶಿನಕ್ಕೆ ಅಡುಗೆ ಉಪ್ಪಿನ ನೀರು ಹಾಕಿದರೆ ಬಣ್ಣ ಬದಲಾಗದು. ವಾಷಿಂಗ್ ಸೋಡಾ ನೀರು ಹಾಕಿದರೆ ಕೆಂಪಾಗುತ್ತದೆ. ಎರಡೂ ಲವಣವೇ, ಗುಣ ಬೇರೆ.

ಇದಕ್ಕೆ ದಾರಿ ತೋರಿಸಿದವನು ಸ್ವೀಡನ್ನಿನ ಅರೇನಿಯಸ್. ಲವಣ ನೀರಿನಲ್ಲಿ ಕರಗಿದಾಗ ವಿದ್ಯುತ್ ಕಣಗಳಾಗಿ ಒಡೆಯುತ್ತದೆ ಎಂದು 1884ರಲ್ಲಿ ಬರೆದ. ಅವನ ವಿಶ್ವವಿದ್ಯಾಲಯ ಆ ಪ್ರಬಂಧಕ್ಕೆ ಕಡಿಮೆ ದರ್ಜೆ ಕೊಟ್ಟಿತು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು!

ಸೋಡಾದ ಕಾರ್ಬೊನೇಟ್ ಕಣ ನೀರಿನಿಂದ ಹೈಡ್ರೋಜನ್ ಕಣ ಕಿತ್ತುಕೊಳ್ಳುತ್ತದೆ. ಉಳಿಯುವ ಹೈಡ್ರಾಕ್ಸೈಡ್ ನೀರನ್ನು ಕ್ಷಾರ ಮಾಡುತ್ತದೆ. ಪಟಿಕ ಇದಕ್ಕೆ ಉಲ್ಟಾ, ಹೈಡ್ರೋಜನ್ ಬಿಟ್ಟು ನೀರನ್ನು ಆಮ್ಲ ಮಾಡುತ್ತದೆ. ಅಡುಗೆ ಉಪ್ಪು ಎರಡನ್ನೂ ಮಾಡುವುದಿಲ್ಲ. ಇದನ್ನು ಅಳೆಯುವ ರಸಸಾರ, ಅಂದರೆ ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟವನು ಸೋರೆನ್‌ಸನ್, ಡೆನ್ಮಾರ್ಕಿನ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. 7 ಎಂದರೆ ಸಮ, ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ತುಂಗಭದ್ರೆಯ ಕಾಲುವೆಗೆ 1953ರಲ್ಲಿ ನೀರು ಬಂತು. ಗಂಗಾವತಿ, ಸಿಂಧನೂರು ಕಡೆಯ ಎಷ್ಟೋ ಹೊಲಗಳಲ್ಲಿ ಮುನಕ್ ಊರಿನ ಕತೆಯೇ ಮರುಕಳಿಸಿತು.

ಇಲ್ಲಿ ರಸಾಯನಶಾಸ್ತ್ರ ನೇರವಾಗಿ ನಮ್ಮ ಜೇಬಿಗೆ ಬರುತ್ತದೆ. ಬರೀ ಉಪ್ಪಿನ ಸವಳಾದರೆ ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ತೊಳೆದರೆ ಸಾಕು, ಜಿಪ್ಸಂ ಹಾಕಿದರೆ ದುಡ್ಡು ದಂಡ. ರಸಸಾರ 8.5 ದಾಟಿದ ಕರಲು ಮಣ್ಣು ಹಾಗಲ್ಲ. ಸೋಡಿಯಂನಿಂದ ಜೇಡಿ ಬಿಗಿದುಕೊಂಡು ನೀರೇ ಇಳಿಯದು. ಅಲ್ಲಿ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಣ್ಣಕಲ್ಲಾಗಿ ಕೂರಿಸಿ, ಸೋಡಿಯಂನ ಜಾಗ ಹಿಡಿಯುತ್ತದೆ. ಬಿಡುಗಡೆಯಾದ ಸೋಡಿಯಂ ಬಸಿಗಾಲುವೆಯಲ್ಲಿ ಹರಿದುಹೋಗಬೇಕು.

ಕಣ್ಣಿಗೆ ಎರಡೂ ಬಿಳಿಯೇ. ಜಿಪ್ಸಂ ಚೀಲ ಇಳಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ರಸಸಾರ, ಲವಣಾಂಶ ಎರಡನ್ನೂ ಓದಿ.